ಬಲಗಡೆ ಮನೆಯ ಚಿಕ್ಕ ಡ್ರಮ್ಮು

ಮತ್ತೆ ಏರಿತು — ಅಲ್ಲ, ಏರಿಲ್ಲ, ಫ್ಯಾನಿನ ನೆರಳು ಕಂಪ್ಯೂಟರಿನ ಪರದೆಯ ಮೇಲೆ ಹಾದುಹೋಯಿತು ಅಷ್ಟೇ, ಕರೆಂಟಿನ ಗೆರೆ ಇನ್ನೂ ಸಪಾಟಾಗಿ ಮಲಗಿದೆ, ನೀಲಿ ಗೆರೆ ಎಡಗಡೆ ಮನೆಯದು, ಕೆಂಪು ಗೆರೆ ಬಲಗಡೆ ಮನೆಯದು, ಎರಡೂ ಹೆಗಲ ಮೇಲೆ ಕೈ ಹಾಕಿಕೊಂಡ ಅಣ್ಣತಮ್ಮಂದಿರ ಹಾಗೆ ಜೊತೆಗೇ ಹೋಗುತ್ತಿವೆ, ಮಧ್ಯಾಹ್ನದವರೆಗೆ ದಿನಾ ಹೀಗೇ, ಆಮೇಲೆ ಶಾಲೆ ಬಿಡುವ ಹೊತ್ತಿಗೆ ಕೆಂಪು ಗೆರೆ ನೀಲಿಯ ಕೈ ಕೊಡವಿಕೊಂಡು ಮೇಲೆ ಹತ್ತುತ್ತದೆ, ಇವತ್ತಾದರೂ ಹತ್ತದಿರಲಿ ಎಂದರೆ ಕೇಳುವವರು ಯಾರು, ಇವರಂತೂ ಕೇಳುವುದಿಲ್ಲ, ಇವರಿಗೆ ನಾನು ಹೇಳಿಯೂ ಇಲ್ಲ, ಈ ಪ್ರಯೋಗಾಲಯದ ಆವರಣದ ವೈರು ಫ್ಯೂಜು ಎಲ್ಲ ನೋಡಿಕೊಳ್ಳುವವರು, ನನ್ನನ್ನು ಕಟ್ಟಿಕೊಂಡವರು, ಬೆಳಿಗ್ಗೆ ಒಂದೇ ಸ್ಕೂಟರಿನಲ್ಲಿ ಬಂದು ಸಂಜೆ ಒಂದೇ ಸ್ಕೂಟರಿನಲ್ಲಿ ಹೋಗುತ್ತೇವೆ, ದಾರಿಯುದ್ದಕ್ಕೂ ಇಬ್ಬರ ಬಾಯಿಗೂ ಬೀಗ. ಚಹಾ ಆರಿ ಕೆನೆ ಕಟ್ಟಿದೆ, ಕುಡಿಯಲೋ ಚೆಲ್ಲಲೋ, ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ಚಪ್ಪಟೆಯಾಗಿದೆ, ಕಿಟಕಿಯಾಚೆ ಆ ಎರಡು ಮನೆ, ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ, ಅದೇ ಬಾಗಿಲು, ಅದೇ ಮಾಡು, ಅದೇ ಬಣ್ಣ, ಬೇರೆ ಇರುವುದು ಗೋಡೆ ಮಾತ್ರ, ಎಡಗಡೆಯದಕ್ಕೆ ಇಟ್ಟಿಗೆ ಗೋಡೆ, ಬಲಗಡೆಯದಕ್ಕೆ ನಾರು ಸುಣ್ಣ ಕಲಸಿ ಒತ್ತಿದ ಹೊಸ ಹಲಗೆಯ ಗೋಡೆ, ಹೊರಗಿನ ಬಿಸಿಲನ್ನು ತಡೆಯುತ್ತದೆ, ಒಳಗಿನ ತಂಪನ್ನು ಬಿಟ್ಟುಕೊಡುವುದಿಲ್ಲ ಎಂದು ಕಂಡುಹಿಡಿದವರು ಹೇಳುತ್ತಾರೆ, ಹೇಳಿದ ಮಾತನ್ನು ಯಾರು ನಂಬುತ್ತಾರೆ, ಅದಕ್ಕೇ ನಿಜವಾದ ಅಳತೆಯ ಮನೆಗಳನ್ನೇ ಕಟ್ಟಿ, ಎರಡರಲ್ಲೂ ಏಸಿ ಇಟ್ಟು, ಯಾವುದು ಕರೆಂಟು ಕಮ್ಮಿ ತಿನ್ನುತ್ತದೆ ಎಂದು ನೋಡುವುದು, ನೋಡುವವಳು ನಾನು. ನೋಡುವುದು ಬಿಟ್ಟು ನಾನು ಇನ್ನೇನು ಮಾಡಿದ್ದೇನೆ.

ಮನೆ ಎಂದಮೇಲೆ ಜನ ಬೇಕು, ಆದರೆ ಜನರನ್ನು ಇಟ್ಟರೆ ಕೆಟ್ಟಿತು ಕೆಲಸ, ಒಂದು ಮನೆಯವರು ಕಿಟಕಿ ತೆಗೆದರೆ ಇನ್ನೊಂದು ಮನೆಯವರು ಮುಚ್ಚುತ್ತಾರೆ, ಒಬ್ಬಳು ಒಲೆ ಹಚ್ಚಿದರೆ ಇನ್ನೊಬ್ಬಳು ಹೊರಗಿನಿಂದ ತರಿಸುತ್ತಾಳೆ, ಹೋಲಿಸುವುದು ಹೇಗೆ, ಅದಕ್ಕೆ ಜನರ ಬದಲು ತಗಡಿನ ಡ್ರಮ್ಮು, ಕಪ್ಪು ಬಣ್ಣ ಬಳಿದದ್ದು, ಒಳಗೊಂದು ಬಲ್ಬು, ಸುಮ್ಮನೆ ಕೂತ ಮನುಷ್ಯನ ಮೈಯಿಂದಲೂ ನೂರು ವ್ಯಾಟ್ ಬಲ್ಬಿನಷ್ಟು ಬಿಸಿ ಹೊರಡುತ್ತದೆ ಎಂದು ಮನೆಯಲ್ಲಿ ಹೇಳಿದಾಗ ಅತ್ತೆ ನಕ್ಕಿದ್ದೇ ನಕ್ಕಿದ್ದು, ಹಾಗಾದ್ರೆ ನಿನ್ ಗಂಡ ಜೀರೋ ಬಲ್ಬು ಕಣೇ. ಮನೆಗೆ ನಾಲ್ಕು ಡ್ರಮ್ಮು, ಯಜಮಾನ, ಯಜಮಾನಿ, ಅಜ್ಜಿ, ಚಿಕ್ಕದು, ಟೈಮರಿನ ಪ್ರಕಾರ ಹತ್ತಿಕೊಳ್ಳುತ್ತವೆ, ಆರುತ್ತವೆ, ನಲ್ಲಿ ತಾನೇ ತೆರೆದು ತಾನೇ ಮುಚ್ಚುತ್ತದೆ, ಅಡುಗೆಮನೆಯಲ್ಲಿ ಪಾತ್ರೆಯೊಂದು ಯಾರ ಹೊಟ್ಟೆಗೂ ಅಲ್ಲದ ಹಬೆ ಬಿಡುತ್ತದೆ. ಇಲಾಖೆಯ ಮುಖ್ಯಸ್ಥರು, ನಾವು ಅವರನ್ನು ದೊಡ್ಡವರು ಎಂದೇ ಕರೆಯುವುದು, ನನ್ನ ಮೇಜಿನ ಹತ್ತಿರ ಬಂದು, ನೋಡಮ್ಮಾ, ಒಂದು ಸಾಮಾನ್ಯ ಕುಟುಂಬದ ದಿನಚರಿ ಹಾಕ್ಕೊಡು, ಯಾರು ಎಷ್ಟೊತ್ತಿಗೆ ಏಳ್ತಾರೆ, ಎಲ್ಲಿ ಕೂರ್ತಾರೆ, ನಲ್ಲಿ ಎಷ್ಟೊತ್ತು ಬಿಡ್ತಾರೆ, ಅಂದರು, ಸಾಮಾನ್ಯ ಕುಟುಂಬ ಹುಡುಕಿಕೊಂಡು ನಾನು ಯಾವ ಬೀದಿಗೆ ಹೋಗಲಿ, ನಮ್ಮ ಮನೆಯದನ್ನೇ ಯಂತ್ರಕ್ಕೆ ಕಲಿಸಿದೆ, ಯಜಮಾನ ಇವರು, ಯಜಮಾನಿ ನಾನು, ಅಜ್ಜಿ ಅತ್ತೆ, ಚಿಕ್ಕದು ಬುಗುರಿ. ಬುಗುರಿ ಎಂದು ಕರೆದವರು ಇವರು, ಒಂದು ಕಡೆ ನಿಂತ ಮಗಳಲ್ಲ ಅವಳು, ಶಾಲೆಯಿಂದ ಬಂದವಳೇ ಬ್ಯಾಗು ಒಂದು ಮೂಲೆ, ಷೂ ಒಂದು ಮೂಲೆ, ನೇರ ಬಚ್ಚಲಿಗೆ, ಕೈ ತೊಳೆಯುವ ನೆಪದಲ್ಲಿ ಬಕೆಟ್ಟಿನೊಳಗೆ ಡಬ್ಬಿ ಮುಚ್ಚಳಗಳ ದೋಣಿ, ನೀರು ಧಾರಾಕಾರ, ನಾನು ಎಷ್ಟು ಗಂಟಲು ಹರಿದುಕೊಂಡರೂ ನಿಲ್ಲದು, ಇವರು ಹೊರಗಿನಿಂದ ಒಂದೇ ಸಲ, ದನಿ ಏರಿಸದೆ, ಬುಗುರೀ, ಸಾಕು, ನಲ್ಲಿ ನಿಲ್ಸು — ಟಕ್, ನಿಂತೇಬಿಡುತ್ತಿತ್ತು. ಆಗ ಇವರದು ಬೆಳಗಿನ ಪಾಳಿ, ಶಾಲೆಯಿಂದ ಅವಳನ್ನು ಕರೆತರುತ್ತಿದ್ದವರು ಇವರೇ. ಅಷ್ಟು ನೀರನ್ನೂ ದಿನಚರಿಗೆ ಸೇರಿಸಿದೆ, ಒಂದು ಮಗು ಇಷ್ಟು ನೀರು ಬಳಸತ್ತೇನಮ್ಮಾ ಎಂದು ದೊಡ್ಡವರು ಹುಬ್ಬೇರಿಸಿದರು, ಬಳಸತ್ತೆ ಸಾರ್, ಬೇಕಾದ್ರೆ ನಮ್ಮನೆಗೆ ಬಂದು ನೋಡಿ, ಅಂದೆ. ರಜೆಯಲ್ಲೊಂದು ದಿನ ಅವಳನ್ನೇ ಇಲ್ಲಿಗೆ ಕರೆತಂದಿದ್ದೆ, ಬಲಗಡೆ ಮನೆಗೆ ಆಗಷ್ಟೇ ಬಾಗಿಲು ಕೂರಿಸಿದ್ದರು, ಇಲ್ಲಿ ಯಾರಿರ್ತಾರಮ್ಮಾ, ಯಾರೂ ಇರಲ್ಲ, ಮತ್ತೆ ನಲ್ಲಿ ಯಾರಿಗೆ, ನಿನಗೇ ಕಣೇ, ನೋಡು ಈ ಡ್ರಮ್ಮೇ ನೀನು, ಮುಖ ಊದಿಸಿಕೊಂಡು ನಿಂತಳು, ನಾನ್ ಇಷ್ಟು ದಪ್ಪ ಇದೀನಾ, ಅಪ್ಪಾ, ಅಮ್ಮನ್ ನೋಡಪ್ಪಾ, ಇವರು ಡ್ರಮ್ಮಿನ ತಲೆ ಸವರಿ, ಇವಳು ನಿನಗಿಂತ ಒಳ್ಳೇವಳು ಕಣೇ ಬುಗುರಿ, ನಿಂತ್ಕೋ ಅಂದ ಕಡೆ ನಿಂತಿರ್ತಾಳೆ, ಅಂದರು, ಅವಳು ಇವರ ಹೊಟ್ಟೆಗೊಂದು ಗುದ್ದು ಕೊಟ್ಟಳು. ಮೂವರೂ ನಕ್ಕೆವು, ಬರಿಯ ಗೋಡೆಗಳ ಮಧ್ಯೆ ನಗು ದೊಡ್ಡದಾಗಿ ಕೇಳಿಸಿತು.

ಜ್ವರ ಎಂದರು, ಸಣ್ಣ ಜ್ವರ, ನಾಳೆ ಇಳಿಯುತ್ತೆ ಎಂದರು, ಆಸ್ಪತ್ರೆಯ ಹಾಸಿಗೆಯಲ್ಲಿ ಅವಳ ಮೈ ಕೆಂಡವಾಗಿತ್ತು, ನನ್ನ ಹಾಳು ತಲೆ ಆಗಲೂ ಸುಮ್ಮನಿರಲಿಲ್ಲ, ಎಷ್ಟು ವ್ಯಾಟ್ ಇರಬಹುದು ಎಂದು ಲೆಕ್ಕ ಹಾಕುತ್ತಿತ್ತು — ಥೂ — ಆಮೇಲೆ ಮೈ ಬಿಸಿ ಇರಲಿಲ್ಲ. ಇವರು ಅಳಲಿಲ್ಲ. ಮಾರನೆಯ ದಿನ ಹಜಾರದ ತುಂಬ ಜನ, ನೆಲ ನೋಡುತ್ತ ಕೂತಿದ್ದಾರೆ, ಇವರು ಸ್ಟೂಲು ಹತ್ತಿ ಅವರೆಲ್ಲರ ತಲೆಯ ಮೇಲಿನ ಫ್ಯಾನು ಬಿಚ್ಚಿ ಎಣ್ಣೆ ಬಿಡುತ್ತಿದ್ದಾರೆ, ಫ್ಯಾನು ಸದ್ದು ಮಾಡ್ತಿತ್ತು ಅಂತ, ನನಗೆ ಉರಿದುಹೋಯಿತು, ಎಲ್ಲರೆದುರಿಗೇ ಅಂದೆ, ನೀವು ಮನುಷ್ಯರಲ್ಲ, ಕಲ್ಲು, ಇವರು ಕೆಳಗೆ ನೋಡದೆ ಕೈ ಚಾಚಿ, ಆ ಸ್ಕ್ರೂಡ್ರೈವರ್ ಕೊಡು, ಅಂದರು, ಕೊಟ್ಟೆ, ಅಲ್ಲಿಂದೀಚೆಗೆ ನಮ್ಮಿಬ್ಬರ ನಡುವೆ ಆಡುವ ಮಾತೆಲ್ಲ ಹೀಗೇ, ಅದು ಕೊಡು, ಇದು ಇಡು, ಗ್ಯಾಸ್ ಮುಗೀತು, ಅಮ್ಮನ ಮಾತ್ರೆ ತಂದೆ. ಅವಳ ಹೆಸರು ಇವರ ಬಾಯಲ್ಲಿ ಬಂದದ್ದನ್ನು ನಾನು ಮತ್ತೆ ಕೇಳಿಲ್ಲ. ಬೆಳಗಿನ ಪಾಳಿ ಬಿಟ್ಟರು, ಯಾಕೆ ಎಂದು ನಾನೂ ಕೇಳಲಿಲ್ಲ. ರಜೆ ಮುಗಿಸಿ ಕೆಲಸಕ್ಕೆ ಬಂದರೆ ಇಲ್ಲಿ ಏನೂ ಬದಲಾಗಿಲ್ಲ, ಎರಡೂ ಮನೆಗಳಲ್ಲಿ ಚಿಕ್ಕದು ಹೊತ್ತಿಗೆ ಸರಿಯಾಗಿ ಶಾಲೆಯಿಂದ ಬರುತ್ತಲೇ ಇದೆ, ಬಲ್ಬು ಹತ್ತುತ್ತಿದೆ, ನಲ್ಲಿ ತೆರೆಯುತ್ತಿದೆ, ದೊಡ್ಡವರು ಪಾಪ, ಬಾಗಿಲಲ್ಲೇ ನಿಂತು, ಬೇಕಿದ್ರೆ ಆ ದಿನಚರಿ ಬದಲಾಯಿಸ್ಬಿಡಮ್ಮಾ, ಅಂದರು, ಪರೀಕ್ಷೆ ಮಧ್ಯ ಬದಲಾಯಿಸಿದ್ರೆ ಹೋಲಿಕೆ ತಪ್ಪತ್ತೆ ಸಾರ್, ಅಂದೆ, ಎಂಥ ಕರ್ತವ್ಯನಿಷ್ಠೆ ಅಂದುಕೊಂಡಿರಬೇಕು, ನಿಷ್ಠೆಯೂ ಇಲ್ಲ ಮಣ್ಣೂ ಇಲ್ಲ, ದಿನಾ ಆ ಹೊತ್ತಿಗೆ ನೀರಿನ ಮೀಟರಿನ ಗೆರೆ ಎದ್ದು ನಿಲ್ಲುವುದನ್ನು ನೋಡಲು ಕೂರುತ್ತೇನೆ, ಬಂದಳು, ಕೈ ತೊಳೆಯುತ್ತಿದ್ದಾಳೆ, ದೋಣಿ ಬಿಡುತ್ತಿದ್ದಾಳೆ, ಸಾಕು — ಗೆರೆ ಬೀಳುತ್ತದೆ. ಆಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತೇನೆ.

ಹಾಗೆ ನೋಡುತ್ತಿದ್ದುದರಿಂದಲೇ ಕಣ್ಣಿಗೆ ಬಿತ್ತು, ಇಲ್ಲದಿದ್ದರೆ ಯಾರಿಗೆ ಬೀಳುತ್ತಿತ್ತು, ದೊಡ್ಡವರು ನೋಡುವುದು ದಿನದ ಒಟ್ಟು ಮೊತ್ತವನ್ನು ಮಾತ್ರ, ಒಟ್ಟು ನೋಡಿದರೆ ಹೊಸ ಗೋಡೆಯ ಮನೆ ಹಳೆಯದಕ್ಕಿಂತ ಜಾಸ್ತಿ ಕರೆಂಟು ತಿನ್ನುತ್ತಿದೆ, ಅದೂ ಮಧ್ಯಾಹ್ನದ ಮೇಲೆ, ಅದೂ ಪಶ್ಚಿಮದ ಕೋಣೆಯಲ್ಲಿ, ಚಿಕ್ಕದರ ಕೋಣೆ ಅದು, ಇಳಿಬಿಸಿಲು ಹೊಡೆಯುವ ಗೋಡೆ, ಆದ್ದರಿಂದ ಹಲಗೆ ಬಿಸಿಲು ತಡೆಯುತ್ತಿಲ್ಲ, ಸೋತಿತು, ಎಷ್ಟು ಸರಾಗ. ಆದರೆ ಗೋಡೆ ಸೋತರೆ ನಿಧಾನವಾಗಿ ಸೋಲುತ್ತದೆ, ಬಿಸಿ ಅದರೊಳಗೆ ಇಂಗಿ ಇಂಗಿ ಬರಬೇಕು, ಇಂಗಿ ಇಂಗಿ ಹೋಗಬೇಕು, ಗೆರೆ ಗುಡ್ಡದ ಹಾಗೆ ಏರಿ ಗುಡ್ಡದ ಹಾಗೆ ಇಳಿಯಬೇಕು, ಇದು ಹಾಗಿಲ್ಲ, ಮೆಟ್ಟಿಲು, ಚಿಕ್ಕ ಡ್ರಮ್ಮಿನ ಬಲ್ಬು ಹತ್ತಿದ ಜೊತೆಗೇ ಇನ್ನೊಂದು ಮೆಟ್ಟಿಲು ಥಟ್ಟನೆ ಏಳುತ್ತದೆ, ಬಾಗಿಲು ತೆರೆದಾಗ ನುಗ್ಗಿದ ಬಿಸಿಗಾಳಿಯಷ್ಟು, ಆಮೇಲೆ ಒಂದು ಮೈಯಷ್ಟು, ಸಂಜೆ ಇದ್ದಕ್ಕಿದ್ದಂತೆ ಇಳಿದುಬಿಡುತ್ತದೆ, ಹೀಗೆ ಥಟ್ಟನೆ ಬಂದು ಥಟ್ಟನೆ ಹೋಗುವುದು ಗೋಡೆಯಲ್ಲ, ಮನುಷ್ಯರು ಮಾತ್ರ. ಪರೀಕ್ಷೆ ನಡೆಯುವಾಗ ಆ ಮನೆಗಳೊಳಗೆ ನರಪಿಳ್ಳೆ ಹೋಗುವ ಹಾಗಿಲ್ಲ, ಕೀಲಿ ಇರುವುದು ದೊಡ್ಡವರ ಹತ್ತಿರ, ನನ್ನ ಹತ್ತಿರ, ಎಲೆಕ್ಟ್ರಿಷಿಯನ್ ಹತ್ತಿರ, ಅಂದರೆ ಇವರ ಹತ್ತಿರ. ಓಹೋ, ನಿದ್ದೆ ಹೊಡೆಯೋಕೆ ತಂಪಾದ ಜಾಗ ಕಂಡುಕೊಂಡಿದ್ದಾರೆ ಅಂದುಕೊಂಡೆ, ಬಲಗಡೆ ಮನೆಯ ಹಿತ್ತಿಲ ಬಾಗಿಲು ಯಾರ ಕಿಟಕಿಗೂ ಕಾಣುವುದಿಲ್ಲ, ಅದೇ ಸರಿ, ಮನೆಯಲ್ಲಿ ನನ್ನ ಮುಖ ನೋಡುವುದು ತಪ್ಪಿದರೆ ಸಾಕು ಎಂದು ಪಡಸಾಲೆಯಲ್ಲಿ ಮಲಗುವವರು, ಇಲ್ಲಿ ಏಸಿಯಲ್ಲಿ ಗೊರಕೆ, ಹಲ್ಲು ಕಡಿದೆ, ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ, ಸ್ಕೂಟರಿನ ಹಿಂದೆ ಕೂತು ಇವರ ಬೆನ್ನು ನೋಡಿದ್ದೇ ಬಂತು. ಅಷ್ಟರಲ್ಲಿ ಸೆನ್ಸರ್ ಬದಲಾಯಿಸುವ ದಿನ ಬಂತು.

ಅವತ್ತು ಒಳಗೆ ಹೋದವಳು ನಾನು, ಕೈಯಲ್ಲಿ ಬಟ್ಟೆ, ಡ್ರಮ್ಮುಗಳನ್ನು ಒರೆಸಬೇಕು, ಧೂಳು ಕೂತರೆ ಬಿಸಿ ಹೊರಡುವ ಬಗೆ ಬದಲಾಗುತ್ತದೆ, ಆ ಹೊಸ ಹಲಗೆಯಿಂದ ಬಿಳಿ ಸುಣ್ಣದ ಹುಡಿ ಉದುರುತ್ತಲೇ ಇರುತ್ತದೆ, ಗುಡಿಸುವವರಿಲ್ಲದ ಮನೆ, ಯಜಮಾನನ ತಲೆಯ ಮೇಲೆ ಹುಡಿ, ಒರೆಸಿದೆ, ಯಜಮಾನಿ, ಒರೆಸಿದೆ, ಅಜ್ಜಿಯನ್ನು ಒರೆಸುತ್ತಾ ಮಂಡಿ ನೋವು ಹೇಗಿದೆ ಅತ್ತೆ ಎಂದು ನನ್ನಷ್ಟಕ್ಕೆ ತಮಾಷೆಯನ್ನೂ ಮಾಡಿದೆ, ಪಶ್ಚಿಮದ ಕೋಣೆಗೆ ಹೋದೆ, ಚಿಕ್ಕದು. ಬಿಳಿ ಹುಡಿ, ಅದರ ನಡುವೆ ಕಪ್ಪಗೆ ಒಂದು ಅಂಗೈ. ಅಂಗೈ, ನಾಲ್ಕು ಬೆರಳು, ಐದನೆಯದು ಮೋಟು, ಯಾವುದೋ ಕಾಲದಲ್ಲಿ ಫ್ಯಾನಿನ ರೆಕ್ಕೆಗೆ ಸಿಕ್ಕಿ ಇವರ ಎಡಗೈ ಕಿರುಬೆರಳಿನ ತುದಿ ಹೋಗಿದೆ, ಅವಳು ಸಣ್ಣವಳಿದ್ದಾಗ ಆ ಮೋಟು ಬೆರಳನ್ನೇ ಹಿಡಿದುಕೊಂಡು ನಡೆಯುತ್ತಿದ್ದಳು, ನನ್ನ ಅಳತೆಗೆ ಸರಿಯಾಗಿದೆ ಅನ್ನುತ್ತಿದ್ದಳು. ಮಲಗಲು ಬಂದವರಲ್ಲ. ಗೋಡೆಗೆ ಒರಗಿ ಕೂತರೆ ಕೈ ಎಲ್ಲಿಗೆ ಎಟುಕುತ್ತದೋ ಅಲ್ಲಿ, ಅವಳ ತಲೆ ಎಲ್ಲಿಗೆ ಬರುತ್ತಿತ್ತೋ ಅಲ್ಲಿ, ದಿನಾ ಅದೇ ಜಾಗದಲ್ಲಿ ಇಟ್ಟ ಕೈ, ಇಲ್ಲದಿದ್ದರೆ ಅಷ್ಟು ಸ್ಪಷ್ಟವಾಗಿ ಮೂಡುತ್ತಿರಲಿಲ್ಲ, ನನ್ನ ಕೈಯಲ್ಲಿ ಬಟ್ಟೆ ಹಾಗೇ ಇತ್ತು, ಮೂರನ್ನು ಒರೆಸಿದ್ದೆ, ನಾಲ್ಕನೆಯದನ್ನು ಒರೆಸಲು ಆಗಲಿಲ್ಲ. ಕಲ್ಲು ಎಂದಿದ್ದೆ. ಅಯ್ಯೋ ದೇವರೇ, ಒಂದೇ ಮಗುವನ್ನು ಇಬ್ಬರೂ ಬೇರೆಬೇರೆಯಾಗಿ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಕದ್ದು ನೋಡಿಕೊಂಡು ಬರುತ್ತಿದ್ದೇವೆ, ನಾನು ಪರದೆಯಲ್ಲಿ, ಇವರು ಅಲ್ಲಿ. ಅತ್ತೆ ಮೊನ್ನೆ ಸೊಪ್ಪು ಬಿಡಿಸುತ್ತಾ, ಸಂಜೆ ಬರೋವಾಗ ಇವನ ಮುಖ ಸ್ವಲ್ಪ ಗೆಲುವಾಗಿರತ್ತೆ ಕಣೇ ಈಗೀಗ, ರಜೆ ದಿನ ಮಾತ್ರ ಸುಟ್ಟ ಬದನೆಕಾಯಿ, ಏನ್ ಸಮಾಚಾರ, ಅಂದರು, ನನಗೇನ್ ಗೊತ್ತು, ನಿಮ್ಮ ಮಗ, ಅಂದು ಒಳಗೆ ಹೋದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಏನಮ್ಮಾ, ನಮ್ ಗೋಡೆ ಇವತ್ತು ಹೇಗಿದೆ — ಬಂದರು ಗೋಡೆರಾಯರು, ಕೂದಲು ನೆರೆಯುವವರೆಗೂ ಈ ಹಲಗೆಯ ಹಿಂದೆ ಬಿದ್ದ ಎಂಜಿನಿಯರು, ಹೆಸರು ಬೇರೇನೋ ಇದೆ, ಎಲ್ಲರ ಬಾಯಲ್ಲೂ ಗೋಡೆರಾಯರೇ, ದಿನಾ ಹೀಗೇ ವಾರ್ಡಿಗೆ ಬಂದ ನೆಂಟರ ಹಾಗೆ ಕೇಳುತ್ತಾರೆ, ಇವತ್ತು ಇಸ್ತ್ರಿ ಮಾಡಿದ ಅಂಗಿ, ಸಂಜೆಯ ಮೀಟಿಂಗಿಗೆ, ಬೆಳಿಗ್ಗೆ ಚೆನ್ನಾಗಿದೆ ಸಾರ್, ಅಂದೆ, ಬೆಳಿಗ್ಗೆ ಯಾವಾಗ್ಲೂ ಚೆನ್ನಾಗೇ ಇರತ್ತಲ್ಲಮ್ಮಾ, ಮಧ್ಯಾಹ್ನ ಏನ್ ರೋಗ ಬರತ್ತೋ ಇದಕ್ಕೆ, ಎಲ್ಲಿ ತಪ್ಪಿದೀನಿ ಅಂತ ಹುಡುಕಿ ಹುಡುಕಿ ತಲೆ ಕೆಟ್ಟುಹೋಯ್ತು, ರಾತ್ರಿಯೆಲ್ಲ ನಿದ್ದೆ ಇಲ್ಲ, ನಮ್ಮೋಳು ಬೈತಾಳೆ, ನಕ್ಕರು, ನಗು ಕಣ್ಣಿನವರೆಗೆ ಹೋಗಲಿಲ್ಲ. ಇವತ್ತು ಸಂಜೆ ದೊಡ್ಡವರು ಒಟ್ಟು ಮೊತ್ತ ತೋರಿಸುತ್ತಾರೆ, ಹಲಗೆ ಕೈಬಿಟ್ಟಂತೆ ಎನ್ನುತ್ತಾರೆ, ಮುಂದಿನ ವಾರವೇ ಬಲಗಡೆ ಮನೆ ಕೆಡವಿ ಅದೇ ತಳಪಾಯದ ಮೇಲೆ ಇನ್ನೊಬ್ಬರ ಇನ್ನೊಂದು ಗೋಡೆ ಏಳುತ್ತದೆ. ಹೇಳದಿದ್ದರೆ ಏನೂ ತಪ್ಪು ಮಾಡದ ಗೋಡೆರಾಯರ ಕೆಲಸ ನೆಲ ಕಚ್ಚುತ್ತದೆ, ಆ ಕೋಣೆಯೂ ಹೋಗುತ್ತದೆ. ಹೇಳಿದರೆ, ನನ್ನ ಗಂಡ ಪರೀಕ್ಷೆಯ ಮನೆಗೆ ಕದ್ದು ಹೋಗ್ತಾರೆ ಸಾರ್ ಎಂದರೆ, ಯಾಕೆ ಎಂದು ಕೇಳುತ್ತಾರೆ, ಕೇಳೇ ಕೇಳುತ್ತಾರೆ, ಬಿಸ್ಕತ್ತಿನ ತಟ್ಟೆ ನಡುವೆ ಇಟ್ಟುಕೊಂಡು ಕೂತ ಅಷ್ಟು ಜನರೆದುರು ಇವರನ್ನು ನಿಲ್ಲಿಸಿ, ಒಂದು ಡ್ರಮ್ಮಿನ ಪಕ್ಕ ಯಾಕೆ ಕೂರ್ತೀಯಪ್ಪಾ ಎಂದು, ಇವರು ನೆಲ ನೋಡುತ್ತಾ ನಿಲ್ಲುತ್ತಾರೆ, ಕೆಲಸ ಹೋದರೆ ಹೋಗಲಿ, ಬೇರೆ ಸಿಗುತ್ತದೆ, ಆದರೆ ಅದನ್ನು ನೋಡಲಾರೆ, ನನ್ನಿಂದಲೇ ಇನ್ನೊಂದು ಸಲ ಎಲ್ಲರೆದುರು — ಆಗದು. ಸಾರ್ ಕೂತ್ಕೊಳ್ಳಿ, ಚಹಾ ತರಿಸ್ಲಾ, ಬೇಡಮ್ಮಾ, ಹೊರಗಡೆ ಹಜಾರದಲ್ಲಿರ್ತೀನಿ, ಅಲ್ಲಿನ ದೊಡ್ಡ ಪರದೆಯಲ್ಲಿ ಕೊನೇ ಸಲ ನೋಡ್ತೀನಿ, ಆಸೆ, ಎಂದು ಹೋದರು. ಹೋಗುವ ದಾರಿಯಲ್ಲಿ ನನ್ನ ಕೋಣೆಯ ಸಾದಾ ಗೋಡೆಯನ್ನೂ ಅಭ್ಯಾಸದಿಂದ ಒಮ್ಮೆ ತಟ್ಟಿದರು.

ಏರಿತು. ಈ ಸಲ ನೆರಳಲ್ಲ. ಬಾಗಿಲು, ಬಿಸಿಗಾಳಿ, ಆಮೇಲೆ ಒಂದು ಮೈ, ಇವರು ಒಳಗೆ ಹೋದರು, ಕೆಂಪು ಗೆರೆ ನೀಲಿಯನ್ನು ಬಿಟ್ಟು ಹೊರಟಿತು, ಇವತ್ತೂ, ಇವತ್ತೂ ಹೋಗಬೇಕಿತ್ತೇ, ಇವತ್ತು ಹೋಗದೆ ಇನ್ಯಾವತ್ತು, ಕೆಡವುವ ಸುದ್ದಿ ಇವರಿಗೂ ಗೊತ್ತಿರುತ್ತದೆ, ಕರೆಂಟು ಕಡಿದುಕೊಡುವವರು ಇವರೇ ಅಲ್ಲವೇ, ಕೂರಲಾರೆ, ಎದ್ದೆ, ಕೂತೆ, ಎದ್ದೆ, ಮೇಜಿನ ಡ್ರಾಯರಿನಲ್ಲಿ ಕೀಲಿ, ಕೀಲಿ ತಗೊಂಡು ಏನು ಮಾಡುತ್ತೀಯ, ಹೊರಗೆ ಎಳೆದುಕೊಂಡು ಬರುತ್ತೀಯಾ, ಎಳೆದು ತಂದರೆ ಗೆರೆ ಇಳಿಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ — ಇಳಿಯಬಾರದು, ಏರಬೇಕು, ಯಾವ ಗೋಡೆಯೂ ಏರಿಸಲಾಗದಷ್ಟು ಏರಬೇಕು, ಹಜಾರದಲ್ಲಿ ನಿಂತ ಗೋಡೆರಾಯರು ಒಂದು ಸಲ ನೋಡಿದರೆ ಸಾಕು, ಮೊದಲಿನದನ್ನು ಬಲ್ಬಿನದೇ ಎಂದುಕೊಂಡಾರು, ನಾನೂ ಒಳಗೆ ಹೋದರೆ ಇನ್ನೊಂದು ಮೆಟ್ಟಿಲು, ಎದುರೆದುರೇ, ಅವರು ಗೋಡೆ ಬಲ್ಲವರು, ಗೋಡೆ ಹೀಗೆ ಮಾಡುವುದಿಲ್ಲ ಎಂದು ಅವರಿಗೆ ಹೇಳಿಕೊಡಬೇಕಿಲ್ಲ, ಓಡಿ ಬರುತ್ತಾರೆ, ಬರಲಿ, ಬಂದು ಬಾಗಿಲು ತೆಗೆದರೆ ಇವರು ಒಬ್ಬರೇ ಇರುವುದಿಲ್ಲ. ಕೇಳುವುದಿದ್ದರೆ ಇಬ್ಬರನ್ನೂ ಕೇಳಲಿ. ಚಪ್ಪಲಿ ಎಲ್ಲಿ, ಇಲ್ಲಿ, ಮೆಟ್ಟಿಲು ಇಳಿದೆ, ಬಿಸಿಲು ಕಣ್ಣಿಗೆ ಹೊಡೆಯಿತು, ಎಡಗಡೆ ಮನೆ ದಾಟಿದೆ, ಅಲ್ಲಿಯೂ ಒಬ್ಬಳು ಬಂದಿರುತ್ತಾಳೆ, ಪಾಪ, ಅವಳ ಹತ್ತಿರ ಯಾರೂ ಕೂರುವುದಿಲ್ಲ, ಬಲಗಡೆ ಮನೆಯ ಹಿತ್ತಿಲು, ಬಾಗಿಲ ಹೊರಗೆ ಇವರ ಚಪ್ಪಲಿ, ಮನೆಗೆ ಬಂದವರ ಹಾಗೆ ನೀಟಾಗಿ ಬಿಟ್ಟಿದ್ದಾರೆ, ನಾನೂ ಪಕ್ಕದಲ್ಲಿ ಬಿಟ್ಟೆ, ಬಾಗಿಲು ತಳ್ಳಿದೆ, ತಂಪು, ಸುಣ್ಣದ ವಾಸನೆ, ಬಚ್ಚಲಲ್ಲಿ ನೀರಿನ ಸದ್ದು.

ನೀರು ಧಾರಾಕಾರ ಸುರಿಯುತ್ತಿದೆ, ಪರದೆಯಲ್ಲಿ ಅದಕ್ಕೆ ಸದ್ದಿರಲಿಲ್ಲ, ಇಷ್ಟು ದಿನ ಸದ್ದಿಲ್ಲದೆ ನೋಡಿದ್ದೆ, ಇದು ಅವಳದೇ ಸದ್ದು, ಗೊತ್ತು, ಟೈಮರು, ನಾನೇ ಇಟ್ಟ ಟೈಮರು, ಗೊತ್ತಿದ್ದೂ ಬಾಯಿಗೆ ಬಂತು, ಎಷ್ಟು ನೀರೇ, ಸಾಕೇ — ಅಷ್ಟರಲ್ಲಿ ಪಶ್ಚಿಮದ ಕೋಣೆಯಿಂದ ಇವರ ದನಿ, ಏರಿಸದ ದನಿ, ಬುಗುರೀ, ಸಾಕು, ನಲ್ಲಿ ನಿಲ್ಸು. ಟಕ್. ನಿಂತಿತು. ಆ ಕ್ಷಣ ಯಾವುದು ಎಂದು ಇವರಿಗೆ ದಿನಾ ಕೂತು ಕೂತು ಗೊತ್ತಾಗಿದೆ, ಅದು ನಿಲ್ಲುವುದಕ್ಕೆ ಮುಂಚೆ ಹೇಳುತ್ತಾರೆ, ಹೇಳಿದ ಮೇಲೆ ನಿಲ್ಲುತ್ತದೆ, ದಿನಾ ಹೇಳುತ್ತಾರೆ. ಕೋಣೆಯ ಬಾಗಿಲಲ್ಲಿ ನಾನು, ನೆಲದ ಮೇಲೆ ಇವರು, ಗೋಡೆಗೆ ಒರಗಿ, ಎಡಗೈ ಡ್ರಮ್ಮಿನ ಮೇಲೆ, ನನ್ನನ್ನು ಕಂಡು ಸರಕ್ಕನೆ ಕೈ ತೆಗೆದರು, ಮಡಿಲಲ್ಲಿ ಮುಚ್ಚಿಟ್ಟುಕೊಂಡರು, ಏನೇ, ಏನಾಯ್ತು, ಅಮ್ಮ ಫೋನ್ ಮಾಡಿದ್ರಾ, ಇಲ್ಲ, ಅಂದೆ, ಲೈನ್ ಚೆಕ್ ಮಾಡೋಕೆ ಬಂದಿದ್ದೆ, ಒಂದು ಫ್ಯೂಜು, ಎಂದು ಏಳಲು ಹೊರಟರು, ಕೂತ್ಕೊಳ್ರೀ, ನನಗೆ ಗೊತ್ತು, ಗೆರೆ ತೋರಿಸತ್ತೆ, ಅಂದೆ, ಎಷ್ಟು ದಿನದಿಂದ ಗೊತ್ತು, ಅಂದರು, ಎಷ್ಟು ದಿನವಾದರೇನು, ಸ್ವಲ್ಪ ಜರುಗಿ, ಅಂದೆ, ಇವರು ಜರುಗಿದರು, ಕೂತೆ, ಇವರು ಅಳುತ್ತಿದ್ದಾರೆ, ನಾನೂ, ಇಬ್ಬರ ಮೈ, ಈಗ ಅಲ್ಲಿ ಪರದೆಯಲ್ಲಿ ಏರುತ್ತಿರುತ್ತದೆ, ಏರಲಿ, ಹೊರಗೆ ಯಾರೋ ಜಲ್ಲಿಯ ಮೇಲೆ ಓಡಿಬರುತ್ತಿದ್ದಾರೆ, ಗೋಡೆರಾಯರ ಬೂಟೇ ಇರಬೇಕು, ಬರಲಿ, ಹೇಳುತ್ತೇನೆ, ನಿಮ್ಮ ಗೋಡೆಯ ತಪ್ಪಿಲ್ಲ ಸಾರ್, ನಾವು ಮಗಳನ್ನ ನೋಡೋಕೆ ಬಂದಿದ್ವಿ, ಹೀಗೇ ಹೇಳುತ್ತೇನೆ, ಆಮೇಲಿನದು ಆಮೇಲೆ, ನನ್ನ ಕೈ ಎತ್ತಿದೆ, ಎಲ್ಲಿ ಇಡಲಿ, ಡ್ರಮ್ಮಿನ ತಲೆಯ ಮೇಲೆ ಬಿಳಿ ಹುಡಿ, ಹುಡಿಯ ನಡುವೆ ಕಪ್ಪಗೆ ಆ ಅಂಗೈ, ನಾಲ್ಕು ಬೆರಳು, ಐದನೆಯದು ಮೋಟು, ಅದರ ಪಕ್ಕ ಇನ್ನೂ ಯಾರೂ ಮುಟ್ಟದ ಬಿಳಿ ಜಾಗ, ಆ ಅಂಗೈ, ಅದರ ಪಕ್ಕ, ಆ ಮೋಟು ಬೆರಳಿನ ಪಕ್ಕ —